ಸೀಟಿ ಕೊಡುತ್ತಾರೆ, ಪಂದ್ಯ ಕೊಡುವುದಿಲ್ಲ

ಪ್ರಶ್ನೆ: ನನ್ನ ಮಗಳು ಬೆಳಗಾವಿಯಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಾಳೆ. ಹೈಸ್ಕೂಲಿನಿಂದಲೂ ಫುಟ್‌ಬಾಲ್ ಆಡುತ್ತಾಳೆ. ಆದರೆ ರಾಜ್ಯ ತಂಡಕ್ಕೆ ಹೋಗುವಷ್ಟು ಆಟ ತನ್ನಲ್ಲಿಲ್ಲ ಎಂದು ಅವಳೇ ಹೇಳುತ್ತಾಳೆ. ಈಗ ರೆಫರಿ ಆಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಕತಾರ್ ವಿಶ್ವಕಪ್‌ನಲ್ಲಿ ಹೆಣ್ಣುಮಗಳೊಬ್ಬಳು ಗಂಡಸರ ಪಂದ್ಯ ನಡೆಸಿದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ಶುರುವಾದ ಹಟ ಇದು. ಹೆಂಗಸರು ಗಂಡಸರ ಪಂದ್ಯದಲ್ಲಿ ನಿಜವಾಗಿಯೂ ನಿಲ್ಲಬಲ್ಲರೇ? ಅಥವಾ ಅದೆಲ್ಲ ತೋರಿಕೆಗೆ ಮಾಡಿದ್ದೇ? ಗಂಡಸರ ಸಮಕ್ಕೆ ಓಡಲು ಆಗುತ್ತದೆಯೇ? ರೆಫರಿಗೆ ಬೀಳುವ ಬೈಗುಳವನ್ನು ನಾನು ಮೈದಾನದ ಅಂಚಿನಲ್ಲಿ ನಿಂತು ಕೇಳಿದ್ದೇನೆ. ತಾಯಿಯಾಗಿ ಅವಳನ್ನು ಕಳಿಸಲೇ, ಬೇಡವೇ?

ಉತ್ತರ: ಕಳಿಸಿ. ನೀವು ಹೆದರುತ್ತಿರುವ ಎರಡು ಸಂಗತಿಗಳು, ಓಟ ಮತ್ತು ಬೈಗುಳ, ಸಣ್ಣವೇನಲ್ಲ. ಆದರೆ ಅವಳ ದಾರಿಯಲ್ಲಿರುವ ದೊಡ್ಡ ಅಡ್ಡಿ ಬೇರೆ, ಅದು ಟಿವಿಯಲ್ಲಿ ಕಾಣುವಂಥದ್ದಲ್ಲ. ಅದಕ್ಕೆ ಬರುವ ಮೊದಲು ಟಿವಿಯಲ್ಲಿ ಕಂಡದ್ದನ್ನೇ ಸ್ವಲ್ಪ ನೋಡೋಣ.

ನಿಮ್ಮ ಮಗಳು ನೋಡಿದ್ದು ಫ್ರಾನ್ಸ್‌ನ ಸ್ಟೆಫಾನಿ ಫ್ರಾಪ್ಪಾರ್ ಅವರನ್ನು. 2022ರ ಡಿಸೆಂಬರ್ 1ರಂದು ಅಲ್ ಬೈತ್ ಕ್ರೀಡಾಂಗಣದಲ್ಲಿ ನಡೆದ ಜರ್ಮನಿ ಮತ್ತು ಕೋಸ್ಟರಿಕಾ ನಡುವಿನ ಪಂದ್ಯ ಅದು. ಪುರುಷರ ವಿಶ್ವಕಪ್ ಪಂದ್ಯಕ್ಕೆ ಮಹಿಳೆಯೊಬ್ಬರು ಮುಖ್ಯ ರೆಫರಿಯಾದದ್ದು ಅದೇ ಮೊದಲು. ಸಹಾಯಕ ರೆಫರಿಗಳಾಗಿ ಎರಡೂ ಬದಿಯ ಗೆರೆಯಲ್ಲಿ ಬಾವುಟ ಹಿಡಿದವರು ಬ್ರೆಜಿಲ್‌ನ ನ್ಯೂಜಾ ಬಾಕ್ ಮತ್ತು ಮೆಕ್ಸಿಕೊದ ಕರೆನ್ ಡಿಯಾಸ್ ಮೆದಿನಾ, ಮೂವರೂ ಮಹಿಳೆಯರೇ. ತೋರಿಕೆಗೆ ಮಾಡುವುದೇ ಆಗಿದ್ದರೆ ಯಾರ ಹಣೆಬರಹವೂ ತೀರ್ಮಾನವಾಗದ ಒಂದು ಸಪ್ಪೆ ಪಂದ್ಯ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಇದು ಅಂಥದ್ದಲ್ಲ. ಗುಂಪಿನ ಇನ್ನೊಂದು ಪಂದ್ಯದಲ್ಲಿ ಅದೇ ಹೊತ್ತಿಗೆ ಜಪಾನ್ ಮತ್ತು ಸ್ಪೇನ್ ಆಡುತ್ತಿದ್ದವು, ನಾಲ್ಕೂ ತಂಡಗಳ ಭವಿಷ್ಯ ತೂಗುಯ್ಯಾಲೆಯಲ್ಲಿತ್ತು. ದ್ವಿತೀಯಾರ್ಧದಲ್ಲಿ ಕೋಸ್ಟರಿಕಾ 2-1ರಿಂದ ಮುಂದೆ ಹೋದಾಗ ಕೆಲವು ನಿಮಿಷಗಳ ಮಟ್ಟಿಗೆ ಜರ್ಮನಿ, ಸ್ಪೇನ್ ಎರಡೂ ಹೊರಬೀಳುವ ಲೆಕ್ಕವಿತ್ತು. ಕೊನೆಯಲ್ಲಿ ಜರ್ಮನಿ 4-2ರಿಂದ ಗೆದ್ದರೂ ಮನೆಗೆ ಹೋಯಿತು. ಆ ನಾಲ್ಕನೇ ಗೋಲು ಬಿದ್ದಾಗ ಮೊದಲು ಆಫ್‌ಸೈಡ್ (ಪಾಸ್ ಹೊರಟ ಕ್ಷಣದಲ್ಲೇ ದಾಳಿಗಾರ ರಕ್ಷಕರ ಸಾಲು ದಾಟಿರುವ ತಪ್ಪು) ಎಂದು ಬಾವುಟ ಎದ್ದಿತ್ತು. ವಿಡಿಯೊ ಪರಿಶೀಲಿಸಿ ಗೋಲು ಎಂದು ತಿದ್ದಿದರು. ಮರುದಿನ ಜಗತ್ತು ಜರ್ಮನಿ ಹೊರಬಿದ್ದದ್ದರ ಬಗ್ಗೆ ಮಾತಾಡಿತು, ರೆಫರಿಯ ತಪ್ಪಿನ ಬಗ್ಗೆ ಅಲ್ಲ. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಬಹುಮಾನ ಇಲ್ಲ.

ಆ ಸಂಜೆಗಿಂತ ಅದಕ್ಕೆ ಮುಂಚಿನ ಹನ್ನೊಂದು ವರ್ಷ ನಿಮ್ಮ ಮಗಳಿಗೆ ಹೆಚ್ಚು ಮುಖ್ಯ. ಫ್ರಾಪ್ಪಾರ್ 2011ರಲ್ಲಿ ಫ್ರಾನ್ಸ್‌ನ ಪುರುಷರ ಮೂರನೇ ದರ್ಜೆಯ ಲೀಗ್‌ಗೆ ಬಂದರು. 2014ರಲ್ಲಿ ಎರಡನೇ ದರ್ಜೆ. ಮೊದಲ ದರ್ಜೆಯ ಪಂದ್ಯ ಸಿಕ್ಕಿದ್ದು 2019ರ ಏಪ್ರಿಲ್‌ನಲ್ಲಿ, ಅಮಿಯಾ ಮತ್ತು ಸ್ಟ್ರಾಸ್‌ಬರ್ಗ್ ನಡುವೆ. ಆಮೇಲೆ ಎಲ್ಲವೂ ಓಡೋಡಿ ಬಂತು. ಅದೇ ಜುಲೈನಲ್ಲಿ ಲಿಯಾನ್‌ನಲ್ಲಿ ಮಹಿಳಾ ವಿಶ್ವಕಪ್‌ನ ಫೈನಲ್, ಆಗಸ್ಟ್‌ನಲ್ಲಿ ಇಸ್ತಾಂಬುಲ್‌ನಲ್ಲಿ ಲಿವರ್‌ಪೂಲ್ ಮತ್ತು ಚೆಲ್ಸಿ ನಡುವಿನ ಪುರುಷರ ಯುರೋಪಿಯನ್ ಸೂಪರ್ ಕಪ್. ಆ ಸೂಪರ್ ಕಪ್ ಹೆಚ್ಚುವರಿ ಅವಧಿಗೆ ಹೋಗಿ, ಅಲ್ಲಿ ಚೆಲ್ಸಿಗೆ ಒಂದು ವಿವಾದದ ಪೆನಾಲ್ಟಿ ಸಿಕ್ಕಿ, ಕೊನೆಗೆ ಪೆನಾಲ್ಟಿ ಒದೆತಗಳಲ್ಲಿ ಲಿವರ್‌ಪೂಲ್ ಗೆದ್ದಿತು. ತಮ್ಮ ತಂಡದ ವಿರುದ್ಧ ಪೆನಾಲ್ಟಿ ಕೊಟ್ಟಿದ್ದರೂ ಲಿವರ್‌ಪೂಲ್ ಕೋಚ್ ಯುರ್ಗನ್ ಕ್ಲಾಪ್, ಈ ರೆಫರಿಗಳು ಕೆಲಸ ಮಾಡಿದಷ್ಟು ಚೆನ್ನಾಗಿ ನಾವು ಆಡಿದ್ದರೆ 6-0ಯಿಂದ ಗೆಲ್ಲುತ್ತಿದ್ದೆವು ಎಂಬರ್ಥದ ಮಾತಾಡಿದರು. ಹೊಗಳಿಕೆ ಸರಿಯೇ. ಆದರೆ ಆ ನೂರಿಪ್ಪತ್ತು ನಿಮಿಷ ತಡೆದುಕೊಳ್ಳುವ ಗುಂಡಿಗೆ ಬಂದಿದ್ದು ಹೆಸರೂ ಕೇಳದ ಊರುಗಳ ಎರಡನೇ, ಮೂರನೇ ದರ್ಜೆಯ ಮೈದಾನಗಳಲ್ಲಿ, ಚಳಿಗಾಲದ ರಾತ್ರಿಗಳಲ್ಲಿ.

ಜರ್ಮನಿಯ ಬಿಬಿಯಾನಾ ಸ್ಟೈನ್‌ಹಾಸ್ ಅವರ ಕತೆಯಲ್ಲಿ ಇದು ಇನ್ನೂ ಢಾಳಾಗಿ ಕಾಣುತ್ತದೆ. ಅವರು ಪೊಲೀಸ್ ಅಧಿಕಾರಿಯಾಗಿದ್ದವರು. 2007ರಲ್ಲಿಯೇ ಪುರುಷರ ಎರಡನೇ ಬುಂಡೆಸ್‌ಲೀಗಾದಲ್ಲಿ, ಅಂದರೆ ಜರ್ಮನಿಯ ಎರಡನೇ ದರ್ಜೆಯ ಲೀಗ್‌ನಲ್ಲಿ, ರೆಫರಿಯಾದರು. 2011ರಲ್ಲಿ ಮಹಿಳಾ ವಿಶ್ವಕಪ್ ಫೈನಲ್ ನಡೆಸಿದರು. ಇಷ್ಟಾದರೂ ಮೊದಲ ಬುಂಡೆಸ್‌ಲೀಗಾದ ಬಾಗಿಲು ತೆರೆದದ್ದು 2017ರ ಸೆಪ್ಟೆಂಬರ್‌ನಲ್ಲಿ, ಹೆರ್ತಾ ಬರ್ಲಿನ್ ಮತ್ತು ವೆರ್ಡರ್ ಬ್ರೆಮೆನ್ ಪಂದ್ಯಕ್ಕೆ. ಜಗತ್ತಿನ ಅತಿದೊಡ್ಡ ಮಹಿಳಾ ಪಂದ್ಯ ನಡೆಸಿದವರೂ ಎರಡನೇ ದರ್ಜೆಯಿಂದ ಒಂದೇ ಒಂದು ಮೆಟ್ಟಿಲು ಹತ್ತಲು ಹತ್ತು ವರ್ಷ ಕಾದರು. ಇಂಗ್ಲೆಂಡ್‌ನದು ಇನ್ನೂ ನಿಧಾನ. ವೆಂಡಿ ಟಾಮ್ಸ್ ಅಲ್ಲಿನ ಪುರುಷರ ಮೊದಲ ದರ್ಜೆಯ ಪ್ರೀಮಿಯರ್ ಲೀಗ್‌ನಲ್ಲಿ ಗೆರೆಯ ಮೇಲೆ ಬಾವುಟ ಹಿಡಿದದ್ದು 1997ರಲ್ಲಿ. ಅದೇ ಲೀಗ್‌ನಲ್ಲಿ ಮಹಿಳೆಯೊಬ್ಬರ ಕೈಗೆ ಸೀಟಿ ಬಂದದ್ದು 2023ರ ಡಿಸೆಂಬರ್ 23ರಂದು, ಫುಲ್ಹಮ್ ಮತ್ತು ಬರ್ನ್ಲಿ ಪಂದ್ಯದಲ್ಲಿ ರೆಬೆಕಾ ವೆಲ್ಚ್ ಅವರಿಗೆ. ಗೆರೆಯಿಂದ ಮೈದಾನದ ನಡುವಿಗೆ ಮೂವತ್ತು ಚಿಲ್ಲರೆ ಮೀಟರ್ ದೂರ. ನಡೆದು ಬರಲು ಇಪ್ಪತ್ತಾರು ವರ್ಷ.

ಈಗ ಓಟದ ವಿಷಯ. ಇಲ್ಲಿ ಊಹೆಗೆ ಜಾಗವಿಲ್ಲ, ಗಡಿಯಾರ ಹೇಳಿದ್ದೇ ಕೊನೆಯ ಮಾತು. ಅಂತರರಾಷ್ಟ್ರೀಯ ಮಟ್ಟದ ರೆಫರಿಗಳ ಪರೀಕ್ಷೆಯಲ್ಲಿ ಎರಡು ಭಾಗ. ಮೊದಲನೆಯದು 40 ಮೀಟರ್‌ಗಳ ಆರು ಓಟ, ನಡುವೆ ಚಿಕ್ಕ ಬಿಡುವು. ಪುರುಷರ ಮಾನದಂಡದಲ್ಲಿ ಪ್ರತಿ ಓಟವನ್ನೂ 6 ಸೆಕೆಂಡಿನೊಳಗೆ ಮುಗಿಸಬೇಕು, ಮಹಿಳೆಯರ ಮಾನದಂಡದಲ್ಲಿ 6.4 ಸೆಕೆಂಡ್. ಎರಡನೆಯದು ಉಸಿರು ಪರೀಕ್ಷಿಸುವಂಥದ್ದು: 75 ಮೀಟರ್ ಓಡಿ, 25 ಮೀಟರ್ ನಡೆದು, ಮತ್ತೆ ಓಡಿ, ಮತ್ತೆ ನಡೆದು, ಹೀಗೆ ನಲವತ್ತು ಬಾರಿ. ಒಟ್ಟು ನಾಲ್ಕು ಕಿಲೋಮೀಟರ್. ಪುರುಷರ ಪಂದ್ಯಕ್ಕೆ ಆ 75 ಮೀಟರ್ ಅನ್ನು 15 ಸೆಕೆಂಡಿನಲ್ಲಿ ಓಡಿ, 25 ಮೀಟರ್ ಅನ್ನು 18 ಸೆಕೆಂಡಿನಲ್ಲಿ ನಡೆದು ಮುಗಿಸಬೇಕು. ಸೀಟಿ ಊದುವಷ್ಟರಲ್ಲಿ ಗುರುತಿನ ಜಾಗ ಮುಟ್ಟದಿದ್ದರೆ ಒಮ್ಮೆ ಎಚ್ಚರಿಕೆ, ಆಮೇಲೆ ಹೊರಗೆ. ಪುರುಷರ ಪಂದ್ಯ ನಡೆಸಲು ಬಯಸುವ ಮಹಿಳೆಗೆ ಇಲ್ಲಿ ರಿಯಾಯಿತಿ ಇಲ್ಲ. ಫ್ರಾಪ್ಪಾರ್, ಸ್ಟೈನ್‌ಹಾಸ್, ವೆಲ್ಚ್ ಎಲ್ಲರೂ ಪುರುಷರ ಮಾನದಂಡದಲ್ಲಿ ಪಾಸಾಗಿಯೇ ಒಳಗೆ ಬಂದವರು. ಅಂದಮೇಲೆ ಓಡಬಲ್ಲರೇ ಎಂಬ ಪ್ರಶ್ನೆಗೆ ಉತ್ತರ ಪಂದ್ಯಕ್ಕೂ ಮೊದಲೇ ಟ್ರ್ಯಾಕ್ ಮೇಲೆ ಸಿಕ್ಕಿರುತ್ತದೆ.

ಇಷ್ಟಕ್ಕೂ ರೆಫರಿ ಆಟಗಾರನ ಜೊತೆ ಸ್ಪರ್ಧೆಗೆ ಇಳಿದಿರುವುದಿಲ್ಲ. ಒಂದು ಪಂದ್ಯದಲ್ಲಿ ರೆಫರಿ ಹತ್ತರಿಂದ ಹನ್ನೆರಡು ಕಿಲೋಮೀಟರ್ ಓಡುವುದುಂಟು, ಆದರೆ ಚೆಂಡಿನ ಹಿಂದೆ ಅಲ್ಲ. ಮೈದಾನದ ಒಂದು ಮೂಲೆಯ ಕಡೆಯಿಂದ ಎದುರು ಮೂಲೆಯ ಕಡೆಗೆ ಓರೆಯಾಗಿ ಓಡಾಡುತ್ತಾ, ಒಬ್ಬ ಸಹಾಯಕ ರೆಫರಿ ಸದಾ ತನ್ನ ಕಣ್ಣಳತೆಯಲ್ಲಿ ಇರುವಂತೆ ನೋಡಿಕೊಳ್ಳಬೇಕು. ಮುಂದಿನ ಪಾಸ್ ಎಲ್ಲಿಗೆ ಹೋಗುತ್ತದೆ ಎಂದು ಓದಿದವರು ಎರಡು ಹೆಜ್ಜೆ ಮೊದಲೇ ಅಲ್ಲಿರುತ್ತಾರೆ. ಓದಲಾರದವರು ಎಷ್ಟೇ ವೇಗವಾಗಿ ಓಡಿದರೂ ಫೌಲ್ ಆದಮೇಲೆ ತಲುಪುತ್ತಾರೆ, ಅದೂ ಆಟಗಾರರ ಬೆನ್ನು ಮಾತ್ರ ಕಾಣುವ ಜಾಗಕ್ಕೆ. ಹಾಗಾಗಿ ಆಡಿದ ಅನುಭವ ನಿಮ್ಮ ಮಗಳಿಗೆ ದೊಡ್ಡ ಬಂಡವಾಳ. ರಾಜ್ಯ ತಂಡಕ್ಕೆ ಸಾಲದ ಆಟ ರೆಫರಿಗೆ ಧಾರಾಳ.

ಹೆಂಗಸರಿಗೆ ಆಫ್‌ಸೈಡ್ ಅರ್ಥವಾಗುವುದಿಲ್ಲ ಎಂಬ ಹಳೆಯ ಕುಹಕವನ್ನು ಅವಳು ಒಮ್ಮೆಯಾದರೂ ಕೇಳಿಯೇ ಕೇಳುತ್ತಾಳೆ. ಆಗ ಹೇಳಲು ಒಂದು ಪ್ರಸಂಗ ಇಲ್ಲಿದೆ. 2011ರ ಜನವರಿ 22, ಇಂಗ್ಲೆಂಡ್‌ನಲ್ಲಿ ವುಲ್ವ್ಸ್ ಮತ್ತು ಲಿವರ್‌ಪೂಲ್ ಪಂದ್ಯ. ಗೆರೆಯ ಮೇಲೆ ಇಪ್ಪತ್ತೈದು ವರ್ಷದ ಸಿಯಾನ್ ಮ್ಯಾಸಿ. ಮೈಕ್ ಆಫ್ ಆಗಿದೆ ಎಂದುಕೊಂಡು ಟಿವಿಯ ಹೆಸರಾಂತ ನಿರೂಪಕ ರಿಚರ್ಡ್ ಕೀಸ್ ಮತ್ತು ವಿಶ್ಲೇಷಕ ಆಂಡಿ ಗ್ರೇ ಪಂದ್ಯಕ್ಕೆ ಮೊದಲೇ ಆಕೆಯನ್ನು ಆಡಿಕೊಂಡರು, ಇವಳಿಗೆ ಆಫ್‌ಸೈಡ್ ಯಾರಾದರೂ ಹೇಳಿಕೊಡಬೇಕು ಎಂಬ ಧಾಟಿಯಲ್ಲಿ. ಪಂದ್ಯದಲ್ಲಿ ಲಿವರ್‌ಪೂಲ್‌ನ ಮಿರೆಲಿಸ್ ರಕ್ಷಕರ ಸಾಲು ದಾಟಿ ಓಡಿ ಚೆಂಡನ್ನು ಟೊರೆಸ್‌ಗೆ ಕೊಟ್ಟರು, ಟೊರೆಸ್ ಗೋಲು ಹೊಡೆದರು. ಬರಿಗಣ್ಣಿಗೆ ಆಫ್‌ಸೈಡ್ ಎಂದೇ ಕಾಣುವ ಓಟ. ಮ್ಯಾಸಿ ಬಾವುಟ ಎತ್ತಲಿಲ್ಲ. ನಿಧಾನಗತಿಯಲ್ಲಿ ನೋಡಿದಾಗ ಆಕೆಯೇ ಸರಿ ಎಂದು ಗೊತ್ತಾಯಿತು. ಆ ವಾರ ಮುಗಿಯುವುದರೊಳಗೆ ಗ್ರೇ ಕೆಲಸ ಕಳೆದುಕೊಂಡರು, ಕೀಸ್ ರಾಜೀನಾಮೆ ಕೊಟ್ಟರು.

ಆ ತೀರ್ಪು ಎಷ್ಟು ಕಷ್ಟದ್ದು ಎಂದು ಲೆಕ್ಕ ಹಾಕಿ ನೋಡಿ. ದಾಳಿಗಾರ ಸೆಕೆಂಡಿಗೆ ಏಳು ಮೀಟರ್ ವೇಗದಲ್ಲಿ ಗೋಲಿನ ಕಡೆ ಓಡುತ್ತಿದ್ದಾನೆ, ರಕ್ಷಕ ಅಷ್ಟೇ ವೇಗದಲ್ಲಿ ಎದುರು ದಿಕ್ಕಿಗೆ ಬರುತ್ತಿದ್ದಾನೆ ಎಂದುಕೊಳ್ಳೋಣ. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಅವರಿಬ್ಬರ ನಡುವಿನ ಅಂತರ ಸುಮಾರು ಒಂದೂವರೆ ಮೀಟರ್ ಬದಲಾಗುತ್ತದೆ. ಪಾಸ್ ಕೊಡುವವನ ಕಾಲು ಚೆಂಡಿಗೆ ತಾಗಿದ ಆ ಕ್ಷಣವನ್ನು ಮೂವತ್ತು ಮೀಟರ್ ಆಚೆ ಗ್ರಹಿಸಿ, ಅದೇ ಕ್ಷಣದಲ್ಲಿ ಈ ಸಾಲನ್ನೂ ನೋಡಿರಬೇಕು. ಇದು ಕಣ್ಣು ಮತ್ತು ಕಿವಿಯ ಪಳಗಿಕೆ. ಹುಟ್ಟಿನಿಂದ ಯಾರಿಗೂ ಬರುವಂಥದ್ದಲ್ಲ, ಗಂಡಸರಿಗೂ.

ಬೈಗುಳದ ವಿಷಯದಲ್ಲಿ ನಿಮಗೆ ಸುಳ್ಳು ಸಮಾಧಾನ ಹೇಳುವುದಿಲ್ಲ. ಬೀಳುತ್ತದೆ. ಗಂಡು ರೆಫರಿಗೆ ಬೀಳುವುದು ಅವನ ತೀರ್ಪಿಗೆ, ಹೆಣ್ಣು ರೆಫರಿಗೆ ಬೀಳುವುದು ಅವಳ ತೀರ್ಪಿಗೂ ಅವಳು ಹೆಣ್ಣಾಗಿರುವುದಕ್ಕೂ. ವ್ಯತ್ಯಾಸ ಇಷ್ಟೇ: ಮೈದಾನದ ಒಳಗಿನವರು ಬೈದರೆ ಅವಳ ಜೇಬಿನಲ್ಲಿ ಕಾರ್ಡ್ ಇದೆ. 2015ರಲ್ಲಿ ಫಾರ್ಚುನಾ ಡ್ಯೂಸೆಲ್‌ಡಾರ್ಫ್ ತಂಡದ ಕೆರೆಮ್ ದೆಮಿರ್‌ಬಾಯ್ ಎಂಬ ಆಟಗಾರ ತನ್ನನ್ನು ಹೊರಗೆ ಕಳಿಸಿದ ಸ್ಟೈನ್‌ಹಾಸ್‌ಗೆ, ಗಂಡಸರ ಫುಟ್‌ಬಾಲ್‌ನಲ್ಲಿ ಹೆಂಗಸರಿಗೆ ಜಾಗವಿಲ್ಲ ಎಂದು ಹೇಳಿ ಹೋದ. ಅವನಿಗೆ ನಿಷೇಧ ಬಿತ್ತು. ಅದಕ್ಕಿಂತ ನನಗೆ ಹಿಡಿಸಿದ್ದು ಅವನ ಕ್ಲಬ್ ಮಾಡಿದ ಕೆಲಸ. ಒಂದು ಹುಡುಗಿಯರ ಪಂದ್ಯಕ್ಕೆ ಅವನನ್ನೇ ರೆಫರಿಯಾಗಿ ಕಳಿಸಿತು. ಸೀಟಿ ಹಿಡಿದು ನಿಂತಾಗ ಗೊತ್ತಾಗುವಷ್ಟು ಬೇರೆ ಯಾವ ಉಪದೇಶದಿಂದಲೂ ಗೊತ್ತಾಗುವುದಿಲ್ಲ. ರುವಾಂಡಾದ ಸಲೀಮಾ ಮುಕನ್‌ಸಂಗಾ ಅವರದು ಇನ್ನೊಂದು ಬಗೆ. 2022ರ ಜನವರಿಯಲ್ಲಿ ಪುರುಷರ ಆಫ್ರಿಕಾ ಕಪ್‌ನಲ್ಲಿ ಸೀಟಿ ಹಿಡಿದ ಮೊದಲ ಮಹಿಳೆ ಅವರು. ಪಂದ್ಯ ಜಿಂಬಾಬ್ವೆ ಮತ್ತು ಗಿನಿಯ ನಡುವೆ. ಗಿನಿಯ ನಾಯಕ, ಆಗ ಲಿವರ್‌ಪೂಲ್‌ನಲ್ಲಿ ಆಡುತ್ತಿದ್ದ ನಾಬಿ ಕೀಟಾಗೆ ಹಳದಿ ಕಾರ್ಡ್ ತೋರಿಸಿದರು. ಅದರಿಂದಾಗಿ ಆತ ಮುಂದಿನ ಸುತ್ತಿನ ಪಂದ್ಯ ಕಳೆದುಕೊಂಡ. ಮೊದಲ ಪಂದ್ಯವಲ್ಲವೇ, ದೊಡ್ಡ ಆಟಗಾರನ ತಂಟೆ ಬೇಡ ಎಂದು ಕೈ ಹಿಂದೆಗೆದಿದ್ದರೆ ಅದೇ ಅವರ ಕೊನೆಯ ಪಂದ್ಯವೂ ಆಗುತ್ತಿತ್ತೇನೋ. ಅದೇ ವರ್ಷ ಕತಾರ್ ವಿಶ್ವಕಪ್‌ಗೆ ಆಯ್ಕೆಯಾದ 36 ಮುಖ್ಯ ರೆಫರಿಗಳಲ್ಲಿ ಮೂವರು ಮಹಿಳೆಯರು: ಫ್ರಾಪ್ಪಾರ್, ಮುಕನ್‌ಸಂಗಾ ಮತ್ತು ಜಪಾನ್‌ನ ಯೋಶಿಮಿ ಯಮಾಶಿತಾ.

ಇನ್ನು ದೊಡ್ಡ ಅಡ್ಡಿಗೆ ಬರುತ್ತೇನೆ. ರೆಫರಿಯನ್ನು ತಯಾರು ಮಾಡುವುದು ತರಬೇತಿ ಶಿಬಿರವಲ್ಲ, ಪಂದ್ಯಗಳು. ಹದಿನೇಳು ನಿಯಮಗಳನ್ನು ಒಂದು ವಾರದಲ್ಲಿ ಬಾಯಿಪಾಠ ಮಾಡಬಹುದು. ಆದರೆ ಇಪ್ಪತ್ತು ಮಂದಿ ಮುತ್ತಿಗೆ ಹಾಕಿ ಕಿರುಚುವಾಗ ಒಂದು ಹೆಜ್ಜೆ ಹಿಂದೆ ಸರಿದು, ನಾಯಕನನ್ನು ಮಾತ್ರ ಕರೆದು, ಉಳಿದವರನ್ನು ಕಳಿಸುವ ಕಲೆ ಅಂಥ ಮುತ್ತಿಗೆಗಳಿಗೆ ಸಿಕ್ಕಿಕೊಂಡಾಗಲೇ ಬರುವುದು. ಡ್ರೈವಿಂಗ್ ಲೈಸೆನ್ಸ್ ಇದ್ದವರೆಲ್ಲ ಸಂತೆಯ ದಿನ ಪೇಟೆಬೀದಿಯಲ್ಲಿ ಲಾರಿ ಓಡಿಸಲಾರರು. ಹೆಣ್ಣುಮಕ್ಕಳಿಗೆ ನಮ್ಮಲ್ಲಿ ಲೈಸೆನ್ಸ್ ಸಿಗುತ್ತದೆ, ಬೀದಿ ಸಿಗುವುದಿಲ್ಲ.

ನಾನು ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ಒಂದು ಜಿಲ್ಲಾ ಟೂರ್ನಿ. ಪರೀಕ್ಷೆ ಪಾಸಾದ ಹುಡುಗಿಯೊಬ್ಬಳು ಬೆಳಿಗ್ಗೆ ಏಳಕ್ಕೇ ಬಂದು, ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಹುಡುಕಿ, ಸಿಗದೆ, ಸಮವಸ್ತ್ರದ ಮೇಲೆ ಜಾಕೆಟ್ ಹಾಕಿಕೊಂಡು ಕೂತಿದ್ದಳು. ಶಾಲಾ ಹುಡುಗಿಯರ ಪಂದ್ಯಕ್ಕೆ ಅವಳೇ ರೆಫರಿ. ಹದಿನಾಲ್ಕು ವರ್ಷದೊಳಗಿನ ಹುಡುಗರ ಪಂದ್ಯಕ್ಕೆ ಸಹಾಯಕಿ. ಸಂಜೆ ಊರಿನ ಎರಡು ದೊಡ್ಡ ಕ್ಲಬ್‌ಗಳ ಸೆಮಿಫೈನಲ್; ಬಾವುಟ ಹಿಡಿಯಬೇಕಿದ್ದ ಒಬ್ಬಾತ ಬರಲಿಲ್ಲ. ಅವಳು ಎದ್ದು ನಿಂತಳು. ಸಂಘಟಕರು, "ಬೇಡಮ್ಮಾ, ಗಲಾಟೆ ಆಗುತ್ತದೆ, ನೀನು ಸ್ಕೋರ್ ಬರೆದುಕೋ" ಎಂದರು. ಆ ಮಾತಿನಲ್ಲಿ ಕೇಡು ಇರಲಿಲ್ಲ, ನಿಜವಾದ ಕಾಳಜಿಯೇ ಇತ್ತು. ಆ ಕಾಳಜಿಯೇ ಅವಳನ್ನು ಅಲ್ಲೇ ನಿಲ್ಲಿಸಿತು. ಮುಂದಿನ ವರ್ಷ ಅದೇ ಸಂಘಟಕರು, "ಅವಳಿಗೆ ದೊಡ್ಡ ಪಂದ್ಯದ ಅನುಭವ ಇಲ್ಲ" ಎನ್ನುತ್ತಾರೆ, ಅದೂ ಸುಳ್ಳಲ್ಲ. ಕೂಗಾಡುವ ಪ್ರೇಕ್ಷಕರಿಗಿಂತ, ಪಂದ್ಯಗಳಿಗೆ ಹೆಸರು ಬರೆಯುವವರ ಪೆನ್ನಿಗೆ ನಾನು ಹೆಚ್ಚು ಹೆದರುತ್ತೇನೆ.

ಜಗತ್ತಿನ ಮಟ್ಟದಲ್ಲಿಯೂ ಈ ಗಂಟು ಬಿಚ್ಚಿದ್ದು ಪಂದ್ಯ ಕೊಟ್ಟಾಗಲೇ. 1991ರ ಮೊದಲ ಮಹಿಳಾ ವಿಶ್ವಕಪ್‌ನ ಫೈನಲ್ ನಡೆಸಿದವರು ಗಂಡಸು. ಮೂರನೇ ಸ್ಥಾನದ ಪಂದ್ಯ ಬ್ರೆಜಿಲ್‌ನ ಕ್ಲೌಡಿಯಾ ವಾಸ್ಕೊನ್ಸೆಲೊಸ್ ಅವರಿಗೆ ಸಿಕ್ಕಿತು. 1995ರ ಫೈನಲ್ ಸ್ವೀಡನ್‌ನ ಇಂಗ್ರಿಡ್ ಯಾನ್ಸನ್ ಅವರದು. 1999ರಿಂದ ಮಹಿಳಾ ವಿಶ್ವಕಪ್‌ನ ಮೈದಾನದಲ್ಲಿ ಎಲ್ಲ ರೆಫರಿಗಳೂ ಮಹಿಳೆಯರೇ. ಇದು ಪ್ರತ್ಯೇಕತೆ ಅಲ್ಲವೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ಇರಬಹುದು. ಆದರೆ ತುಂಬಿದ ಕ್ರೀಡಾಂಗಣದಲ್ಲಿ ದೊಡ್ಡ ಪಂದ್ಯ ನಡೆಸುವ ಅಭ್ಯಾಸ ಒಂದು ತಲೆಮಾರಿಗೆ ಸಿಕ್ಕಿದ್ದು ಅಲ್ಲಿಯೇ. ಅದು ಪುರುಷರ ಎರಡನೇ ದರ್ಜೆಯ ಲೀಗ್‌ನ ಕೆಲಸದ ಜೊತೆ ಸೇರಿದಾಗ ಫ್ರಾಪ್ಪಾರ್, ಸ್ಟೈನ್‌ಹಾಸ್ ಅಂಥವರು ತಯಾರಾದರು. ಎರಡರಲ್ಲಿ ಯಾವುದೊಂದೂ ಸಾಲದು.

ನಮ್ಮ ದೇಶದಲ್ಲಿ ಏನೂ ಇಲ್ಲ ಎಂದುಕೊಳ್ಳಬೇಡಿ. ಬೆಳಗಾವಿಯಿಂದ ಘಟ್ಟ ಇಳಿದರೆ ಗೋವಾ. ಭಾರತ ತಂಡಕ್ಕೆ ಆಡಿ, ಆಮೇಲೆ ಸೀಟಿ ಹಿಡಿದು ಪುರುಷರ ರಾಷ್ಟ್ರೀಯ ಲೀಗ್ ಆದ ಐ-ಲೀಗ್‌ನಲ್ಲಿ ಕೆಲಸ ಮಾಡಿದ ಮರಿಯಾ ರೆಬೆಲೊ ಅಲ್ಲಿಯವರು. 2016ರಲ್ಲಿ ಜೋರ್ಡಾನ್‌ನಲ್ಲಿ ನಡೆದ 17 ವರ್ಷದೊಳಗಿನವರ ಮಹಿಳಾ ವಿಶ್ವಕಪ್‌ನಲ್ಲಿ ಸಹಾಯಕ ರೆಫರಿಯಾಗಿದ್ದ ಉವೆನಾ ಫರ್ನಾಂಡಿಸ್ ಕೂಡ ಗೋವಾದವರು. ಪಕ್ಕದ ತಮಿಳುನಾಡಿನ ದಿಂಡಿಗಲ್‌ನಿಂದ ರೂಪಾ ದೇವಿ ಅಂತರರಾಷ್ಟ್ರೀಯ ಪಂದ್ಯಗಳಿಗೆ ಅರ್ಹರಾದ ರೆಫರಿಗಳ ಫಿಫಾ ಪಟ್ಟಿಗೆ ಹೋದರು, ಮಣಿಪುರದಿಂದ ರಂಜಿತಾ ದೇವಿ. 2017ರಲ್ಲಿ ಹುಡುಗರ 17 ವರ್ಷದೊಳಗಿನ ವಿಶ್ವಕಪ್ ಭಾರತದಲ್ಲಿ ನಡೆದಾಗ, ಕೋಲ್ಕತ್ತದ ಸಾಲ್ಟ್ ಲೇಕ್ ಮೈದಾನದಲ್ಲಿ ಜಪಾನ್ ಮತ್ತು ನ್ಯೂ ಕ್ಯಾಲೆಡೋನಿಯಾ ಪಂದ್ಯವನ್ನು ಸ್ವಿಟ್ಜರ್ಲೆಂಡ್‌ನ ಎಸ್ತರ್ ಸ್ಟೌಬ್ಲಿ ನಡೆಸಿದರು. ಫಿಫಾದ ಪುರುಷರ ಟೂರ್ನಿಗಳಲ್ಲಿ ಮಹಿಳೆಯರ ಕೈಗೆ ಸೀಟಿ ಬರತೊಡಗಿದ್ದು ನಮ್ಮ ನೆಲದಿಂದಲೇ ಎನ್ನಬಹುದು. ನಮ್ಮ ಪತ್ರಿಕೆಗಳು ಅದನ್ನು ಇನ್ನಷ್ಟು ದೊಡ್ಡದಾಗಿ ಬರೆಯಬಹುದಿತ್ತು.

ನಿಮ್ಮ ಮಗಳ ಲೆಕ್ಕಕ್ಕೆ ಬರೋಣ. ಡಿಗ್ರಿ ಬಿಡಿಸಬೇಡಿ. ನಮ್ಮಲ್ಲಿ ರೆಫರಿಗೆ ಪಂದ್ಯಕ್ಕೆ ಇಷ್ಟೆಂದು ಭತ್ಯೆ ಸಿಗುತ್ತದೆಯೇ ಹೊರತು ಬಹುಪಾಲು ಜನರಿಗೆ ಅದು ಸಂಬಳವಲ್ಲ. ಸ್ಟೈನ್‌ಹಾಸ್ ಪೊಲೀಸ್ ಕೆಲಸದ ಜೊತೆಯಲ್ಲೇ ಸೀಟಿ ಹಿಡಿದವರು. ವೆಲ್ಚ್ ಬಹಳ ವರ್ಷ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯ ಕಚೇರಿಯಲ್ಲಿ ದುಡಿದರು. ಮುಕನ್‌ಸಂಗಾ ನರ್ಸಿಂಗ್ ಓದಿದ್ದಾರೆ. ಕತಾರ್‌ನಲ್ಲಿ ಬಾವುಟ ಹಿಡಿದ ಅಮೆರಿಕದ ಕ್ಯಾಥ್ರಿನ್ ನೆಸ್‌ಬಿಟ್ ರಸಾಯನಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದವರು. ಬಿ.ಕಾಂ. ಮತ್ತು ಸೀಟಿ ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಜಿಲ್ಲೆಯ ಫುಟ್‌ಬಾಲ್ ಸಂಸ್ಥೆಯಲ್ಲಿ ಅಥವಾ ಬೆಂಗಳೂರಿನ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯಲ್ಲಿ ಮುಂದಿನ ರೆಫರಿ ತರಬೇತಿ ಯಾವಾಗ ಎಂದು ವಿಚಾರಿಸಲಿ. ಲಿಖಿತ ಪರೀಕ್ಷೆ, ಓಟ, ಆಮೇಲೆ ಮೈದಾನದಲ್ಲಿ ನೋಡುವುದು, ಕ್ರಮ ಇಷ್ಟು. ಅಲ್ಲಿಂದ ರಾಷ್ಟ್ರ ಮಟ್ಟದ ಪರೀಕ್ಷೆಗಳು, ಕೊನೆಯಲ್ಲಿ ಪ್ರತಿ ವರ್ಷ ಹೊಸದಾಗುವ ಫಿಫಾ ಪಟ್ಟಿ. ಆ ಪಟ್ಟಿಗೆ ಸಹಾಯಕ ರೆಫರಿಗೆ 23, ಮುಖ್ಯ ರೆಫರಿಗೆ 25 ವರ್ಷ ತುಂಬಿರಬೇಕು; ಅವಳಿಗೆ ಸಮಯವಿದೆ. ಕಾಲೇಜಿನ ಮೈದಾನದಲ್ಲಿ ಇವತ್ತೇ 40 ಮೀಟರ್ ಅಳೆದು ಗೆಳತಿಯ ಕೈಗೆ ಸ್ಟಾಪ್‌ವಾಚ್ ಕೊಡಲಿ. ಆರು ಓಟ, ಮೊದಲನೆಯದರಷ್ಟೇ ಆರನೆಯದೂ ಮುಖ್ಯ. ಮೊದಲ ದಿನವೇ 6.4 ಬರದಿದ್ದರೆ ಎದೆಗುಂದುವುದು ಬೇಡ, ಆರು ತಿಂಗಳ ಕ್ರಮಬದ್ಧ ಅಭ್ಯಾಸಕ್ಕೆ ಬಗ್ಗುವ ಅಂಕಿ ಅದು. ಶುರುವಿನಲ್ಲಿ ಬಾವುಟ ಕೊಟ್ಟರೆ ಮುಖ ಸಿಂಡರಿಸಬಾರದು, ಆಫ್‌ಸೈಡ್ ಕಲಿಯಲು ಗೆರೆಗಿಂತ ಒಳ್ಳೆಯ ಜಾಗವಿಲ್ಲ. ಆದರೆ ಎರಡು ವರ್ಷ ಕಳೆದರೂ ಬಾವುಟವೊಂದೇ, ಅದೂ ಹುಡುಗಿಯರ ಪಂದ್ಯಗಳಲ್ಲಿ ಮಾತ್ರ ಎಂದಾದರೆ ಬಾಯಿಬಿಟ್ಟು ಕೇಳಲೇಬೇಕು.

ಇದರಲ್ಲಿ ನಿಮಗೂ ಒಂದು ಕೆಲಸವಿದೆ. ಪಂದ್ಯ ನೋಡಲು ಹೋಗಿ ಬೈದವರ ಜೊತೆ ಜಗಳಕ್ಕೆ ನಿಲ್ಲಬೇಡಿ, ಅದರಿಂದ ಅವಳಿಗೆ ಕಷ್ಟ. ಬದಲಿಗೆ ತರಬೇತಿಗೆ ಹೆಸರು ಬರೆಸುವ ದಿನ ಜೊತೆಯಲ್ಲಿ ಹೋಗಿ ಮೂರು ಪ್ರಶ್ನೆ ಕೇಳಿ. ಹೋದ ವರ್ಷ ಇಲ್ಲಿ ಪಾಸಾದ ಹೆಣ್ಣುಮಕ್ಕಳಿಗೆ ಎಷ್ಟು ಪಂದ್ಯ ಕೊಟ್ಟಿರಿ? ಅವುಗಳಲ್ಲಿ ಗಂಡಸರ ಲೀಗ್‌ನವು ಎಷ್ಟು? ಮೈದಾನದಲ್ಲಿ ಬಾಗಿಲಿರುವ ಕೋಣೆ ಇದೆಯೇ? ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಶುಲ್ಕ ಕಟ್ಟಿ. ಬರದಿದ್ದರೂ ಕಟ್ಟಿ, ಆದರೆ ಮುಂದಿನ ವರ್ಷ ಅದೇ ಮೂರು ಪ್ರಶ್ನೆಗಳನ್ನು ಲಿಖಿತವಾಗಿ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.